ಅಸಲಿ ಹಿಮದಲ್ಲಿ ಚಿತ್ರೀಕರಿಸಿದ ಮೂಕಿ ಸಾಹಸ: ‘ಬ್ಯಾಕ್ ಟು ಗಾಡ್ಸ್ ಕಂಟ್ರಿ’

ಕೆನಡಾದಲ್ಲಿ ತಯಾರಾದ ಕಥಾಚಿತ್ರಗಳ ಪೈಕಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಎಂದು ಹೆಸರಾದ ಚಿತ್ರ ‘ಬ್ಯಾಕ್ ಟು ಗಾಡ್ಸ್ ಕಂಟ್ರಿ’. 1919ರ ಈ ಮೂಕಿ ಚಿತ್ರದ ನಿರ್ದೇಶಕ ಡೇವಿಡ್ ಹಾರ್ಟ್‌ಫರ್ಡ್. ಆದರೆ ಜನ ಇದನ್ನು ನೆನೆಯುವುದು ನಾಯಕಿ ನೆಲ್ ಶಿಪ್‌ಮನ್ ಹೆಸರಿನಿಂದ. ಚಿತ್ರಕಥೆಯೂ ಅವರದೇ. ನಿರ್ಮಾಪಕ ಅರ್ನೆಸ್ಟ್ ಶಿಪ್‌ಮನ್ ಅವರ ಪತಿ. ಹಣ ಹಾಕಿದವರು ಕ್ಯಾಲ್ಗರಿಯ ವ್ಯಾಪಾರಿಗಳು.

ಜೇಮ್ಸ್ ಆಲಿವರ್ ಕರ್‌ವುಡ್ ಬರೆದ ಮೂಲ ಕಥೆಯಲ್ಲಿ ವಾಪಿ ಎಂಬ ನಾಯಿಯೇ ಹೀರೊ. ನೆಲ್ ಕೈಯಲ್ಲಿ ಅದು ಡೊಲೊರೆಸ್ ಎಂಬ ಹೆಣ್ಣಿನ ಕಥೆಯಾಯಿತು. ತಂದೆಯ ಸಾವಿಗೆ ಕಾರಣನಾದವನೇ ತಾನಿರುವ ಹಡಗಿನ ಕ್ಯಾಪ್ಟನ್ ಎಂದು ಆರ್ಕ್ಟಿಕ್‌ನಲ್ಲಿ ಅವಳಿಗೆ ತಿಳಿಯುತ್ತದೆ. ಗಾಯಗೊಂಡ ಗಂಡನನ್ನು ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಮಲಗಿಸಿಕೊಂಡು ಹಿಮದ ಮೇಲೆ ಓಡುತ್ತಾಳೆ. ಬೆನ್ನಟ್ಟುವವರನ್ನು ತಡೆಯುವುದು ವಾಪಿ.

ಬೇಸಿಗೆಯ ದೃಶ್ಯಗಳನ್ನು ಕ್ಯಾಲಿಫೋರ್ನಿಯಾದಲ್ಲಿ ತೆಗೆದರು. ಹಿಮದ ಭಾಗಕ್ಕೆ ಮಾತ್ರ ಸ್ಟುಡಿಯೋ ಸೆಟ್ ಬೇಡವೆಂದು ತಂಡ ಆಲ್ಬರ್ಟಾದ ಲೆಸ್ಸರ್ ಸ್ಲೇವ್ ಸರೋವರಕ್ಕೆ ಹೋಯಿತು. ಎಡ್ಮಂಟನ್‌ನಿಂದ ವಾಯವ್ಯಕ್ಕೆ 200 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿನ ಚಳಿ ಮೈನಸ್ 40ಕ್ಕೂ ಕೆಳಗೆ (ಆ ಮಟ್ಟದಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಒಂದೇ). ಅಂಥ ಚಳಿಯಲ್ಲಿ ಕೈಯಿಂದ ತಿರುಗಿಸುವ ಕ್ಯಾಮೆರಾದ ಎಣ್ಣೆ ಗಟ್ಟಿಯಾಗುತ್ತದೆ, ಫಿಲ್ಮ್ ಪೆಡಸಾಗಿ ಮುರಿಯುತ್ತದೆ. ಒಣಹವೆಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿಗಳು ನೆಗೆಟಿವ್ ಮೇಲೆ ಗೀರಿನಂತೆ ಮೂಡಿ ಶಾಟ್ ಹಾಳುಮಾಡುತ್ತವೆ.

ಮನುಷ್ಯರ ಪಾಡು ಇನ್ನೂ ಕಷ್ಟ. ಗಂಡನ ಪಾತ್ರಕ್ಕೆ ಬಂದಿದ್ದ ಆಸ್ಟ್ರೇಲಿಯಾದ ನಟ ರೊನಾಲ್ಡ್ ಬೈರಮ್ ನ್ಯುಮೋನಿಯಾ ತಗುಲಿ ತೀರಿಕೊಂಡರು. ಚಿತ್ರೀಕರಣ ನಿಲ್ಲಲಿಲ್ಲ, ಆ ಜಾಗಕ್ಕೆ ವ್ಹೀಲರ್ ಓಕ್‌ಮನ್ ಬಂದರು. ನಿರ್ಮಾಣ ವ್ಯವಸ್ಥಾಪಕ ಬರ್ಟ್ ವಾನ್ ಟೈಲ್ ಅವರ ಪಾದ ಹಿಮಕಡಿತಕ್ಕೆ ಸಿಕ್ಕಿತು. ಆ ಗಾಯ ವರ್ಷಗಟ್ಟಲೆ ಕಾಡಿತು.

ಕಥೆ ಮಾಮೂಲಿ ಮೆಲೋಡ್ರಾಮಾ. ಚೀನೀಯರನ್ನೂ ಅಲ್ಲಿನ ಮೂಲನಿವಾಸಿಗಳನ್ನೂ ತೋರಿಸಿದ ರೀತಿ ಇಂದು ಮುಜುಗರ ತರಿಸುತ್ತದೆ. ಆದರೂ ಜಾರುಬಂಡಿಯ ದೃಶ್ಯಗಳಿಗೆ ಸಾಟಿಯಿಲ್ಲ. ಅಲ್ಲಿ ಯಾರೂ ಚಳಿಯನ್ನು ನಟಿಸುತ್ತಿಲ್ಲ.

ಚಿತ್ರ ಒಳ್ಳೆಯ ಲಾಭ ತಂದಿತು. ಶಿಪ್‌ಮನ್ ದಂಪತಿ ಮಾತ್ರ 1920ರಲ್ಲಿ ಬೇರೆಯಾದರು. ನೆಲ್ ಸ್ವಂತ ಕಂಪನಿ ಕಟ್ಟಿ, ಸಾಕಿದ ಕಾಡುಪ್ರಾಣಿಗಳೊಡನೆ ಅಮೆರಿಕದ ಐಡಹೋದ ಪ್ರೀಸ್ಟ್ ಸರೋವರದ ದಡದಲ್ಲಿ ನೆಲೆಸಿದರು. ವಾನ್ ಟೈಲ್ ಜೊತೆಗಿದ್ದರು. ಅಲ್ಲಿಯೂ ಹಿಮ, ಅಲ್ಲಿಯೂ ಸಾಲ. 1925ರ ಹೊತ್ತಿಗೆ ಕಂಪನಿ ಮುಳುಗಿತು, ಹಸಿವಿನಿಂದ ಬಳಲಿ ಬದುಕುಳಿದ ಪ್ರಾಣಿಗಳು ಸ್ಯಾನ್ ಡಿಯಾಗೋ ಮೃಗಾಲಯ ಸೇರಿದವು. ನೆಲ್ 1970ರಲ್ಲಿ ನಿಧನರಾದರು. ಅವರ ಆತ್ಮಕಥೆ ಅಚ್ಚಾದದ್ದು 1987ರಲ್ಲಿ.