6 ವೋಲ್ಟಿನ ಮಿಣುಕು ದೀಪದಿಂದ ಎಲ್‌ಇಡಿ ತನಕ

ರಾತ್ರಿ ಕಲಬುರಗಿ ದಾಟಿ, ಹುಮನಾಬಾದ್ ರೋಡ್ ಹಿಡಿದು ಕಮಲಾಪುರಕ್ಕ ಬೈಕ್ ಮ್ಯಾಲ ಹೊಂಟೀರಿ ಅಂತ ಇಟ್ಕೊಳ್ರಿ. ಬೀದಿದೀಪ ಮುಗಿದ ಮೇಲೆ ನಿಮಗಿರೋದು ಹೆಡ್‌ಲೈಟ್ ಒಂದೇ. 60ರ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡ್ತದ. ಮುಂದೆ ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್ ನಿಂತಿದ್ರೆ, ಅದು ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗೋದರೊಳಗೇ ಆ 17 ಮೀಟರ್ ಖರ್ಚಾಗಿರ್ತದ. ಅದಕ್ಕೇ ಎಲ್ಲರೂ ಎಲ್‌ಇಡಿ ಹಾಕಿಸ್ತಾರ. ಹಾಕಿಸೋ ಮೊದಲು ಈ ಬೆಳಕು ಬಂದ ದಾರಿ ಒಮ್ಮೆ ನೋಡ್ರಿ.

ಮೊದಮೊದಲು ಬೈಕಿಗೆ ಕರೆಂಟಿನ ದೀಪ ಇರಲಿಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ಹನಿಸಿ, ಹುಟ್ಟಿದ ಅಸಿಟಿಲೀನ್ ಗ್ಯಾಸನ್ನ ಉರಿಸ್ತಿದ್ರು. (ಹೌದು, ಮಾವಿನಕಾಯಿ ಹಣ್ಣು ಮಾಡಲು ಕದ್ದುಮುಚ್ಚಿ ಬಳಸ್ತಾರಲ್ಲ, ಅದೇ ಕಾರ್ಬೈಡ್!)

ನಮ್ಮ ರಾಜ್ಯದ ಕಥೆ ಅಂದ್ರೆ ಮೈಸೂರಿನ ಐಡಿಯಲ್ ಜಾವಾ. 1960ರ ದಶಕದ ಆರಂಭದಿಂದ 1996ರ ತನಕ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಅಲ್ಲಿಂದಲೇ ಬಂದವು. ಹಳೆಯ ಜಾವಾ 250ರದ್ದು 6 ವೋಲ್ಟ್. ನಾನು ಬಿಕಾಂ ಹುಡುಗ, ಲೆಕ್ಕ ಬಿಡೋದಿಲ್ಲ. 35 ವ್ಯಾಟ್ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಬೇಕು, 12 ವೋಲ್ಟಿನಲ್ಲಿ 3 ಸಾಕು. ಅದೇ ವೈರಿನಲ್ಲಿ ದಾರಿಗೆ 0.6 ವೋಲ್ಟ್ ಸೋರಿದರೆ 6ರಲ್ಲಿ ಅದು 10 ಪರ್ಸೆಂಟ್ ನಷ್ಟ. 12ರಲ್ಲಿ ಸೋರೋದೇ 0.3, ಅಂದ್ರೆ ಎರಡೂವರೆ ಪರ್ಸೆಂಟ್. ತಂತಿಯ ಬಲ್ಬಿಗೆ ವೋಲ್ಟೇಜ್ 10 ಪರ್ಸೆಂಟ್ ಕಮ್ಮಿಯಾದ್ರೆ ಬೆಳಕು ಹತ್ತಿರಹತ್ತಿರ 30 ಪರ್ಸೆಂಟ್ ಕಮ್ಮಿ ಆಗ್ತದ! ಹಳೇ ಬೈಕಿನ ದೀಪ ಮಂಕಾಗಿದ್ದಕ್ಕೆ ಬಲ್ಬೊಂದನ್ನೇ ಬೈಯೋದು ಅನ್ಯಾಯ.

12 ವೋಲ್ಟ್ ಬಂದ ಮೇಲೂ ತಾಪತ್ರಯ ಮುಗಿಯಲಿಲ್ಲ. ಅನೇಕ 100 ಸಿಸಿ ಬೈಕುಗಳಲ್ಲಿ ಹೆಡ್‌ಲೈಟಿಗೆ ಕರೆಂಟ್ ಬರ್ತಿದ್ದದ್ದು ಬ್ಯಾಟರಿಯಿಂದಲ್ಲ, ನೇರ ಎಂಜಿನ್ನಿನ ಕಾಯಿಲ್‌ನಿಂದ. ಎಕ್ಸಿಲೇಟರ್ ಕೊಟ್ರೆ ಬೆಳಕು, ಬಿಟ್ರೆ ಕತ್ತಲು. ಗುಂಡಿ ನೋಡಿ ನಿಧಾನ ಮಾಡಿದ್ರೆ ಗುಂಡಿನೇ ಕಾಣ್ತಿರಲಿಲ್ಲ. ನಿಮ್ಮ ಮನಿಯ ಹಿರಿಯರನ್ನ ಕೇಳಿ ನೋಡ್ರಿ, ನಗ್ತಾರ.

1971ರಲ್ಲಿ ಯುರೋಪಿನಲ್ಲಿ ಎಚ್4 ಹ್ಯಾಲೊಜೆನ್ ಬಲ್ಬ್ ಬಂತು. ಹೈ ಬೀಮ್, ಡಿಮ್ ಎರಡಕ್ಕೂ ಒಂದೇ ಬಲ್ಬಿನಲ್ಲಿ ಎರಡು ತಂತಿ. ಬಿಳಿ ಎಲ್‌ಇಡಿಗೆ ಮಾತ್ರ ನೀಲಿ ಎಲ್‌ಇಡಿ ಹುಟ್ಟೋ ತನಕ ಕಾಯಬೇಕಾಯ್ತು. ಅದಕ್ಕೆ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. 2017ರ ಏಪ್ರಿಲ್‌ನಿಂದ ನಮ್ಮ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆಫ್ ಸ್ವಿಚ್ಚೇ ಇಲ್ಲ. "ಲೈಟ್ ಹತ್ಯಾದ" ಅಂತ ದಾರಿಯುದ್ದಕ್ಕೂ ಕೈಸನ್ನೆ ಮಾಡ್ತಿದ್ದ ಮಂದಿ ನೆನಪಿದ್ದಾರಲ್ಲ?

ಈಗ ಅಸಲಿ ವಿಷಯ. ಹ್ಯಾಲೊಜೆನ್ನಿನ ರಿಫ್ಲೆಕ್ಟರನ್ನ ಆ ಸಣ್ಣ ತಂತಿ ಎಲ್ಲಿ ಇರ್ತದ ಅನ್ನೋದನ್ನ ಲೆಕ್ಕ ಹಾಕಿಯೇ ಮಾಡಿರ್ತಾರ. ಅದರೊಳಗೆ ಅಗ್ಗದ ಎಲ್‌ಇಡಿ ತುರುಕಿದ್ರೆ ಬೆಳಕು ಬೇರೆ ಜಾಗದಿಂದ ಹೊರಟು ಎಲ್ಲೆಂದರಲ್ಲಿ ಚೆಲ್ಲತದ. ನಿಮಗೆ ಹತ್ತಿರದ ರೋಡು ಹೊಳೆಯುತ್ತದೆ, ದೂರದ್ದು ಕಾಣೋದಿಲ್ಲ, ಎದುರಿಗೆ ಬರೋನ ಕಣ್ಣು ಕುರುಡಾಗ್ತದ. ಅವನು ಕುರುಡಾದ್ರೆ ಅಪಾಯ ನಿಮಗೂ ಅದ. ಹಿಂದೆ ನಮಗೆ ಕಾಣ್ತಿರಲಿಲ್ಲ, ಈಗ ನಮ್ಮಿಂದ ಬೇರೆಯವರಿಗೆ ಕಾಣೋದಿಲ್ಲ.

ಅದಕ್ಕೇ ಮೊದಲು ಗಾಜು ಒರೆಸ್ರಿ. ಮೆಕ್ಯಾನಿಕ್‌ಗೆ ಬಲ್ಬಿನ ಹೋಲ್ಡರ್ ಹತ್ರ ವೋಲ್ಟೇಜ್ ನೋಡಲಿಕ್ಕ ಹೇಳ್ರಿ. ಬ್ಯಾಟರಿಗಿಂತ ಬಹಳ ಕಮ್ಮಿ ಇದ್ರೆ ಸ್ವಿಚ್, ಅರ್ಥಿಂಗ್ ಸರಿಮಾಡಿಸ್ರಿ. ಬ್ಯಾಟರಿಯಿಂದ ಉರಿಯೋ ಲೈಟಾದ್ರೆ ದಪ್ಪ ವೈರು, ರಿಲೇ ಹಾಕಿಸಬಹುದು. ಕೊನೆಗೆ ಸಮತಟ್ಟು ಜಾಗದಲ್ಲಿ ಗೋಡೆಗೆ ಮುಖಮಾಡಿ ನಿಲ್ಲಿಸಿ, ಒಬ್ಬರು ಮೇಲೆ ಕೂತಿರುವಾಗಲೇ ಡಿಮ್ ನೋಡ್ರಿ. ಬೆಳಕು ಹೆಡ್‌ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗೇ ಬೀಳಬೇಕು.

ಮುಂದಿನ ಪೋಸ್ಟ್: ಇಂಡಿಕೇಟರ್ ಬರೋ ಮೊದಲು ಕೈ ತೋರಿಸೋ ಕಾಲ.