ಟ್ವೀಡ್ ನದಿಯ ತೆಂಕಣ ದಂಡೆಯ ಮೈದಾನ

ಗಡಿನಾಡಿನಲ್ಲಿ ಹುಟ್ಟಿದವರಿಗೆ ಯಾವ ಭೂಪಟ ಕಂಡರೂ ಮೊದಲು ಗಡಿಗೆರೆಯನ್ನು ಹುಡುಕುವ ಅಭ್ಯಾಸ. ನಾನೂ ಅದಕ್ಕೆ ಹೊರತಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ನಡುವಿನ ಗೆರೆಯನ್ನು ಮೂಡಣ ಕಡಲಿನವರೆಗೆ ಹಿಂಬಾಲಿಸಿದಾಗ ನನಗೆ ಸಿಕ್ಕಿದ ಊರು ಬೆರಿಕ್. ಇಂಗ್ಲಿಷಿನಲ್ಲಿ ಬರೆಯುವಾಗ ಆ ಹೆಸರಿನ ನಡುವೆ ಒಂದು ವಕಾರವುಂಟು, ಆಡುವಾಗ ಇಲ್ಲ. ಕಾಸರಗೋಡಿನ ಹೆಸರನ್ನೇ ಎರಡು ಬಗೆಯಲ್ಲಿ ಕೇಳುತ್ತ ಬೆಳೆದ ನಮಗೆ ಇದರಲ್ಲಿ ವಿಶೇಷವೇನಿಲ್ಲ. ಆದರೆ ಆ ಪುಟ್ಟ ಊರಿನ ಫುಟ್ಬಾಲ್ ಮೈದಾನದ ಚರಿತ್ರೆ ನನ್ನನ್ನು ಯೋಚನೆಗೆ ಹಚ್ಚಿತು.

ಬೆರಿಕ್ ಇರುವುದು ಟ್ವೀಡ್ ನದಿ ಕಡಲು ಸೇರುವಲ್ಲಿ, ಬಡಗಣ ದಂಡೆಯ ಮೇಲೆ. ಮಧ್ಯಯುಗದಲ್ಲಿ ಎರಡು ರಾಜ್ಯಗಳ ಅರಸರ ನಡುವೆ ಹತ್ತಕ್ಕೂ ಹೆಚ್ಚು ಬಾರಿ ಕೈ ಬದಲಾದ ಊರು ಅದು. 1482ರಲ್ಲಿ ಇಂಗ್ಲೆಂಡಿನ ವಶವಾದುದು ಮತ್ತೆ ಮರಳಲಿಲ್ಲ. ಊರಿನ ಹೆಸರನ್ನು ಹೊತ್ತ ಬೆರಿಕ್‌ಶೈರ್ ಸೀಮೆ ಮಾತ್ರ ಸ್ಕಾಟ್ಲೆಂಡಿನಲ್ಲೇ ಉಳಿಯಿತು. ಇಂದಿನ ಗಡಿ ಊರಿನಿಂದ ಉತ್ತರಕ್ಕೆ ನಾಲ್ಕೈದು ಕಿಲೋಮೀಟರು ದೂರದಲ್ಲಿದೆ.

ಇಲ್ಲಿನ ಫುಟ್ಬಾಲ್ ಕ್ಲಬ್ಬು ಬೆರಿಕ್ ರೇಂಜರ್ಸ್. ಹುಟ್ಟಿದ್ದು 1880ರ ದಶಕದಲ್ಲಿ. ಅದರ ಮೈದಾನ ಶೀಲ್‌ಫೀಲ್ಡ್ ಪಾರ್ಕ್ ಇರುವುದು ನದಿಯ ಈಚೆ, ತೆಂಕಣ ದಂಡೆಯ ಟ್ವೀಡ್‌ಮತ್ ಎಂಬಲ್ಲಿ. ಊರು ಅತ್ತಿತ್ತ ಕೈ ಬದಲಾಗುತ್ತಿದ್ದಾಗಲೂ ಈ ದಂಡೆ ಇಂಗ್ಲೆಂಡಿನ ಡರ್ಹಮ್ ಬಿಷಪ್ಪರ ಸೀಮೆಗೆ ಸೇರಿತ್ತು. ಆದರೂ ಇಲ್ಲಿ ಆಡುವ ತಂಡ 1951ರಲ್ಲಿ ಸೇರಿದ್ದು ಸ್ಕಾಟ್ಲೆಂಡಿನ ಲೀಗಿಗೆ. ಭೂಪಟ ಬಿಡಿಸಿದರೆ ಇದರಲ್ಲಿರುವ ವ್ಯವಹಾರಜ್ಞಾನ ಕಾಣುತ್ತದೆ. ಎಡಿನ್‌ಬರೋ ಸುಮಾರು ತೊಂಬತ್ತು ಕಿಲೋಮೀಟರು. ಇಂಗ್ಲೆಂಡಿನ ಲೀಗಿನಲ್ಲಾದರೆ ಒಂದು ಆಟಕ್ಕೆ ಪ್ಲಿಮತ್‌ವರೆಗೆ ಏಳುನೂರು ಕಿಲೋಮೀಟರು ಹೋಗಬೇಕಾದೀತು. ಮಂಗಳೂರು ಐವತ್ತು ಕಿಲೋಮೀಟರು, ತಿರುವನಂತಪುರ ಐನೂರಕ್ಕೂ ಮೇಲೆ ಎಂಬ ಲೆಕ್ಕ ಬಾಯಿಪಾಠವಾಗಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದಿನ ಮೈದಾನ ಸಿದ್ಧವಾದದ್ದು 1954ರ ಹೊತ್ತಿಗೆ. ಹಣವಿಲ್ಲದ ಕ್ಲಬ್ಬು ಪ್ರೇಕ್ಷಕರ ಚಪ್ಪರಕ್ಕಾಗಿ ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬು ಕಳಚಿ ಹಾಕಿದ ಸ್ಟ್ಯಾಂಡಿನ ಉಕ್ಕಿನ ಹಂದರವನ್ನು 400 ಪೌಂಡಿಗೆ ಕೊಂಡು ತಂದಿತು. ಹಳೆಯ ಮನೆಯ ತೊಲೆ-ಪಕಾಸಿಗಳಿಂದ ಹೊಸ ಮನೆ ಕಟ್ಟುವುದನ್ನು ಕಂಡ ನಮಗೆ ಈ ಜಾಣತನ ಅರ್ಥವಾಗುತ್ತದೆ. 1968ರಿಂದ ಅಂಗಳದ ಸುತ್ತ ಸ್ಪೀಡ್‌ವೇ ಮೋಟಾರ್‌ಸೈಕಲ್ ಪಂದ್ಯಗಳೂ ನಡೆದವು.

ಈ ಮೈದಾನದ ಹೆಸರು ದೇಶದಗಲ ಕೇಳಿಬಂದದ್ದು 1967ರ ಜನವರಿ 28ರಂದು. ಸ್ಕಾಟಿಷ್ ಕಪ್ಪಿನ ಮೊದಲ ಸುತ್ತಿಗೆ ಬಂದವರು ಹಿಂದಿನ ವರ್ಷ ಕಪ್ ಗೆದ್ದಿದ್ದ ಗ್ಲಾಸ್ಗೋದ ರೇಂಜರ್ಸ್. ಅಂದು ಸೇರಿದ ಜನ 13,365, ಹೆಚ್ಚುಕಡಿಮೆ ಊರಿನ ಜನಸಂಖ್ಯೆಯಷ್ಟು. ಸ್ಯಾಮಿ ರೀಡ್ ಹೊಡೆದ ಒಂದೇ ಗೋಲಿನಿಂದ ಬೆರಿಕ್ ಗೆದ್ದಿತು. ಗೋಲು ಕಾಯುತ್ತಿದ್ದ ಜಾಕ್ ವ್ಯಾಲೆಸ್ ಅವರೇ ತಂಡದ ಮ್ಯಾನೇಜರೂ ಆಗಿದ್ದರು. ಮುಂದೆ ಅವರೇ ಗ್ಲಾಸ್ಗೋ ರೇಂಜರ್ಸಿನ ಮ್ಯಾನೇಜರಾದರು. ಸೋತ ತಂಡದ ಮುಂಚೂಣಿಯ ಇಬ್ಬರು, ಜಿಮ್ ಫಾರೆಸ್ಟ್ ಮತ್ತು ಜಾರ್ಜ್ ಮ್ಯಾಕ್ಲೀನ್, ಆ ತಂಡಕ್ಕೆ ಮತ್ತೆ ಆಡಲಿಲ್ಲ.

ಅದೇ 1967ರ ಆಗಸ್ಟಿನಲ್ಲಿ ಮಹಾಜನ ಆಯೋಗ ತನ್ನ ವರದಿಯನ್ನು ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಮೈಸೂರಿಗೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲ, ನಾವು 1956ರ ಗೆರೆಯ ಒಳಗೇ ಬಾಳಿದೆವು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಭಯದಿಂದ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ, ಆಸ್ಪತ್ರೆಗೆ ಹೊರಟ ರೋಗಿಗಳು ಗಡಿಯಲ್ಲಿ ನಿಂತರು. ಗೆರೆ ಎಷ್ಟು ಗಟ್ಟಿ ಎಂಬುದು ಅಂದು ತಿಳಿಯಿತು. ಬೆರಿಕ್‌ನವರಿಗೆ ಸಿಕ್ಕ ಒಂದು ಭಾಗ್ಯದ ಬೆಲೆ ನನಗೆ ಹೊಳೆದದ್ದೂ ಆಗಲೇ: ಸರಕಾರ ಒಂದು ಕಡೆಯದಾದರೂ ಆಟ ಇನ್ನೊಂದು ಕಡೆಯದಾಗಲು ಎರಡು ದೇಶದವರೂ ಒಪ್ಪಿದ್ದರು.

ಆ ಭಾಗ್ಯ ಕೂಡ ತನ್ನಿಂದ ತಾನೇ ಉಳಿಯುವಂಥದಲ್ಲ. 1978-79ರಲ್ಲಿ ಎರಡನೆಯ ಡಿವಿಷನ್ ಗೆದ್ದಿದ್ದ ಬೆರಿಕ್, 2019ರ ಮೇ ತಿಂಗಳಲ್ಲಿ ಕೋವ್ ರೇಂಜರ್ಸಿಗೆ ಎರಡು ಆಟಗಳಲ್ಲಿ ಒಟ್ಟು 7-0 ಗೋಲುಗಳಿಂದ ಸೋತು, 68 ವರ್ಷಗಳ ಲೀಗ್ ಸ್ಥಾನವನ್ನು ಕಳೆದುಕೊಂಡು ಲೋಲ್ಯಾಂಡ್ ಲೀಗಿಗೆ ಇಳಿಯಿತು. ಕ್ಲಬ್ಬು ಮುಚ್ಚಲಿಲ್ಲ. ಅದೇ ಮೈದಾನದಲ್ಲಿ ಆಡುತ್ತ ಹೋಯಿತು.

ನಮ್ಮಲ್ಲೂ ಇಂಥ ಬಯಲುಗಳಿವೆ. ಕೊಯ್ಲು ಮುಗಿದ ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ ಸೆವೆನ್ಸ್ ಫುಟ್ಬಾಲ್ ನಡೆಯುವಾಗ ಕನ್ನಡ, ತುಳು, ಮಲಯಾಳ, ಬ್ಯಾರಿ ಮಾತಿನವರು ಒಂದೇ ಸುಣ್ಣದ ಗೆರೆಯ ಹೊರಗೆ ನಿಂತು ಕೂಗುತ್ತಾರೆ. ಆ ಬಯಲುಗಳ ಕಥೆ ಬೆಂಗಳೂರಿನ ಗ್ರಂಥಗಳಲ್ಲಾಗಲಿ ತಿರುವನಂತಪುರದ ಕಡತಗಳಲ್ಲಾಗಲಿ ಸಿಗಲಾರದು. ಆಡಿದ ಹಿರಿಯರು ಇನ್ನೂ ನಮ್ಮ ಮನೆಗಳ ಜಗಲಿಯಲ್ಲಿದ್ದಾರೆ. ಬಯಲಿಗೆ ನೆಲ ಬಿಟ್ಟುಕೊಟ್ಟವರು ಯಾರು, ಗೋಲುಕಂಬ ನೆಟ್ಟವರು ಯಾರು ಎಂದು ಅವರಲ್ಲಿ ಕೇಳಿ ಬರೆದಿಡೋಣ. ಎರಡು ಲಿಪಿಗಳಲ್ಲಿ ಬರುವ ಈ ಸಂಚಿಕೆಗೆ ಅದಕ್ಕಿಂತ ತಕ್ಕ ಬರಹ ಬೇರೆ ಇರಲಾರದು.