ಕಟ್ಟಿಗಿ ಕಾಣದ ವೈನು, ನೆರಳಾಗ ಒಣಗೋ ಮಣೂಕ

ಅಕ್ಕಾರ, ತಂಗ್ಯಾರ, ಈ ಸಲ ಅಡಗಿ ಮಾತಿಲ್ಲ, ಸ್ವಲ್ಪ ಇತಿಹಾಸ ಐತಿ. ನನ್ನ ತೌರಮನಿ ಅಥಣಿ ತಾಲೂಕಿನ ಪೂರ್ವ ಭಾಗ ಅನ್ನೂದು ನಿಮಗ ಗೊತ್ತ ಐತಿ. ತೆಲಸಂಗ, ಐಗಳಿ, ಕೊಟ್ಟಲಗಿ ಆ ಕಡಿ. ಕೊಟ್ಟ ಮನಿ ಚಿಕ್ಕೋಡಿ. ಇಲ್ಲಿ ಕಬ್ಬು, ನಿಪ್ಪಾಣಿ ಕಡಿ ತಂಬಾಕು, ಅಲ್ಲಿ ದ್ರಾಕ್ಷಿ ಪಡ. ಪುಣೆದಾಗ ನೌಕರಿ ಮಾಡೋ ನಮ್ಮ ಅಣ್ಣನ ಮಗಳು ಒಂದ ದಿನ ಕೇಳಿದ್ಳು: "ಅತ್ತಿ, ನಾಶಿಕದವ್ರು ಬಿಳಿ ವೈನ್ ಮಾಡಿ ದೇಶದಾಗ ಹೆಸರ ಮಾಡ್ಯಾರ. ನಮ್ಮವ್ರು ಮಣೂಕದಾಗ ಯಾಕ ಉಳದ್ರು?" ನಾ ವೈನ್ ಕುಡದಕಿ ಅಲ್ಲ, ಕುಡಿಯಾಕಿನೂ ಅಲ್ಲ. ಆದ್ರ ಪ್ರಶ್ನಿ ಛಲೋ ಅನಿಸ್ತು. ಓದಿದ್ದು, ಅಣ್ಣನ ಕೂಡ ಮಾತಾಡಿದ್ದು ಕೂಡಿಸಿ ಬರದೇನಿ.

ಮೊದಲ ಈ ಬಿಳಿ ವೈನ್ ಅಂದ್ರ ಏನು ಅಂತ ನೋಡೂಣು. ಹಳೇ ಪದ್ಧತಿ ವೈನ್ ಓಕ್ ಅನ್ನೋ ಮರದ ಪೀಪಾಯಿದಾಗ ತಿಂಗಳಗಟ್ಟಲೆ ಇಡತಾರ, ಕಟ್ಟಿಗಿ ವಾಸನಿ ಅದಕ್ಕ ಹತ್ತತೈತಿ. ಕಟ್ಟಿಗಿ ಕಾಣದ ಬಿಳಿ ವೈನ್ ಬ್ಯಾರೆ. ಹಸರ ದ್ರಾಕ್ಷಿ ಹಿಂಡಿ, ಸಿಪ್ಪಿ ಬೀಜ ತಗದು, ಬರೇ ರಸಾ ಸ್ಟೀಲಿನ ಟಾಕಿಗಿ ಹಾಕತಾರ. ಟಾಕಿ ಸುತ್ತ ತಣ್ಣಗ ಮಾಡಿ 12ರಿಂದ 16 ಡಿಗ್ರಿದೊಳಗ ಹುಳಿ ಬರಸತಾರ. ಕಟ್ಟಿಗಿ ಸಂಬಂಧನ ಇರೂದಿಲ್ಲ. ಹಣ್ಣಿನ ವಾಸನಿ, ಹುಳಿ ಹಂಗ ಉಳಿಬೇಕು ಅನ್ನೂದು ಅದರ ಉದ್ದೇಶ. ಬಹಳ ವರ್ಷ ಇಟ್ಟ ಕುಡಿಯೂದಲ್ಲ ಇದು, ವರ್ಷ ಎರಡ ವರ್ಷದಾಗ ಮುಗಸೂದು. ಸೊವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್ ಅಂತ ಫ್ರಾನ್ಸ್ ತಳಿ ಇದಕ್ಕ ಬೇಕು. ನಾಶಿಕದಾಗ ಸುಲಾದವ್ರು 2000ದಾಗ ಮೊದಲ ಬಾಟಲಿ ತಗದದ್ದು ಇವೆರಡ ತಳಿದು. ನಮ್ಮ ರಾಜ್ಯದಾಗ ಗ್ರೋವರ್ ಅವರು 1988ರಾಗ ದೊಡ್ಡಬಳ್ಳಾಪುರ ಕಡಿ, ನಂದಿ ಬೆಟ್ಟದ ಬುಡಕ ಶುರು ಮಾಡಿದ್ರು.

ಹಂಗಾದ್ರ ದಖ್ಖನ್ನಿಗೆ ದ್ರಾಕ್ಷಿ ಹೊಸದೇನು? ಅಲ್ಲರಿ. 14ನೇ ಶತಮಾನದಾಗ ಬಂದ ಇಬ್ನ್ ಬತೂತಾ ದೌಲತಾಬಾದಿನಾಗ ದ್ರಾಕ್ಷಿ, ದಾಳಿಂಬ್ರಿ ವರ್ಷಕ್ಕ ಎರಡ ಬೆಳಿ ಬರತಾವ ಅಂತ ಬರದಾನ. ಈ ಎರಡ ಬೆಳಿ ಮಾತು ನನಗ ಬಹಳ ಹಿಡಸ್ತು. ಯಾಕಂದ್ರ ಇವತ್ತಿಗೂ ನಮ್ಮ ಪಡದಾಗ ವರ್ಷಕ್ಕ ಎರಡ ಚಾಟ್ನಿ ಆಗತಾವ. ಏಪ್ರಿಲ್‌ದಾಗ ಒಂದು, ಕಡ್ಡಿ ಗಟ್ಟಿ ಆಗಾಕ. ಅಕ್ಟೋಬರದಾಗ ಒಂದು, ಹಣ್ಣಿಗೆ. ತಂಪ ದೇಶದಾಗ ಚಳಿಗಾಲದಾಗ ಬಳ್ಳಿ ತಾನ ಎಲಿ ಉದರಿಸಿ ನಿದ್ದಿ ಮಾಡತೈತಿ. ನಮ್ಮಲ್ಲಿ ಮಲಗೂದ ಇಲ್ಲ, ಕತ್ತರಿ ಹಿಡದ ನಾವ ಎಬ್ಬಿಸಬೇಕು, ನಾವ ಮಲಗಿಸಬೇಕು. ಎರಡ ಸಲ ಚಾಟ್ನಿ ಮಾಡಿ ಒಂದ ಸಲ ಹಣ್ಣ ತಗೊಳ್ಳೂದು ನಮ್ಮ ಕಡಿ ಪದ್ಧತಿ.

ಮತ್ತ ವೈನ್ ಯಾಕ ಬರಲಿಲ್ಲ? ಒಂದ ಕಾರಣ ಸರಕಾರ. ಬೆಳಗಾವಿ ಜಿಲ್ಲಾ 1956ರ ನವೆಂಬರ್ ಮಟಾ ಮುಂಬೈ ರಾಜ್ಯದಾಗ ಇತ್ತು. ಅಲ್ಲಿ 1949ರಾಗ ಪಾನಬಂದಿ ಕಾಯ್ದೆ ಬಂತು. ಆ ಕಾಲದಾಗ ಯಾರರ ದ್ರಾಕ್ಷಿ ಹುಳಿ ಬರಸ್ತೀನಿ ಅಂದ್ರ ಪೊಲೀಸ ಬರತಿದ್ರು. ನಮ್ಮವ್ವ ಹೇಳತಿದ್ಲು, ಆಗ ಕಳ್ಳ ಭಟ್ಟಿ ಊರ ಹೊರಗ ಹಳ್ಳದಾಗ ನಡೀತಿತ್ತು ಅಂತ. ದ್ರಾಕ್ಷಿ ಅಲ್ಲ ಬಿಡ್ರಿ, ಕರೀ ಬೆಲ್ಲ.

ಇನ್ನೊಂದು ಕಾರಣ ತಳಿ. ಹಳೇ ತಳಿ ಬೀಜದ್ದು. ಹೈದರಾಬಾದಿಗಿ 1890ರಾಗ ಅಬ್ದುಲ್ ಬಾಕರ್ ಖಾನ್ ಅನ್ನೋರು ತಂದ ಅನಾಬ್-ಎ-ಶಾಹಿ ದೊಡ್ಡ ಹಣ್ಣು, ಆದ್ರ ಬೀಜ ಇರತಾವ. ಬೀಜ ಇಲ್ಲದ ಥಾಮ್ಸನ್ ಬಂದ ಮ್ಯಾಲ ಎಲ್ಲಾ ಬದಲಾತು. ಆ ಹೆಸರು ಕ್ಯಾಲಿಫೋರ್ನಿಯಾದ ವಿಲಿಯಂ ಥಾಮ್ಸನ್ ಅನ್ನೋ ರೈತಂದು, 1870ರ ಆಸುಪಾಸಿನಾಂವ. ಬಳ್ಳಿ ಮೂಲ ಮಾತ್ರ ಇರಾನ್, ತುರ್ಕಿ ಕಡಿದು. ನಮ್ಮ ಗಡಿ ಆಚಿ ತಾಸಗಾಂವ ತಾಲೂಕಿನ ಬೋರಗಾಂವದಾಗ ವಸಂತರಾವ್ ಆರವೆ ಅವರು ಇದ ಥಾಮ್ಸನ್ ಪಡದಾಗ ಛಲೋ ಬಳ್ಳಿ ಆರಿಸಿ ತಾಸ್-ಎ-ಗಣೇಶ ತಗದ್ರು. ಸೊಲ್ಲಾಪುರದ ನಾನ್ನಜದ ನಾನಾಸಾಹೇಬ ಕಾಳೆ ಅವರು ಉದ್ದ ಕಾಳಿನ ಸೋನಾಕಾ ತಗದ್ರು. ದೊಡ್ಡ ಕಾಲೇಜಿನವರಲ್ಲ, ತೋಟದಾಗ ದಿನಾ ಅಡ್ಡಾಡೋ ಕಣ್ಣು. ಅಲ್ಲಿಂದ ಕಡ್ಡಿ ನಮ್ಮ ಕಡಿ ಬಂದು ಹಬ್ಬಿತು. ತಾಸಗಾಂವ, ಮಿರಜ, ಕಾಗವಾಡ, ಅಥಣಿ ಒಂದ ಬಯಲು. ನಕ್ಷಾದಾಗ ಗೆರಿ ಇದ್ರೂ ಬಳ್ಳಿಗಿ ಗೆರಿ ಕಾಣೂದಿಲ್ಲ.

2001ರಾಗ ಮಹಾರಾಷ್ಟ್ರ ವೈನ್ ನೀತಿ ತಂತು. ನಾಶಿಕ ಹತ್ರ ವಿಂಚೂರ, ಸಾಂಗ್ಲಿ ಜಿಲ್ಲಾದ ಪಲೂಸದಾಗ ವೈನ್ ಪಾರ್ಕ್ ಅಂತ ಹೇಳಿದ್ರು. ಕರ್ನಾಟಕ 2007ರಾಗ ತನ್ನ ನೀತಿ ಮಾಡ್ತು, ವೈನ್ ಬೋರ್ಡ್ ಆತು. ನಂದಿ ಕಣಿವೆ, ಕಾವೇರಿ ಕಣಿವೆ ಅನ್ನೂವಾಗ ನಮ್ಮದು ಕೃಷ್ಣಾ ಕಣಿವೆ ಅಂತ ಹೆಸರೂ ಬಂತು. ಆಗ ಒಬ್ಬ ಏಜಂಟ ಅಣ್ಣನ ಮನಿಗಿ ಬಂದಿದ್ದ. ವೈನ್ ತಳಿ ಹಚ್ಚರಿ, ಕಂಪನಿ ಎಲ್ಲಾ ಒಯ್ಯತೈತಿ, ಸಾಲಾ ಬ್ಯಾಂಕಿನಾಂವ ಕೊಡತಾನ ಅಂತ ಕಾಗದ ತೋರಸಿದ. ಅಣ್ಣ ಅರ್ಧ ಒಪ್ಪಿದ್ದ.

ನಮ್ಮ ವೈನಿ ಒಪ್ಪಲಿಲ್ಲ. (ವೈನಿ ಬ್ಯಾಡ ಅಂದದ್ದಕ್ಕ ವೈನ್ ಹೋತು ಅಂತ ನಮ್ಮ ಮನಿಯವ್ರು ಇನ್ನೂ ನಗತಾರ.) ಅವರ ಪ್ರಶ್ನಿ ದಾರೂದ್ದ ಅಲ್ಲ. ಒಂದ ಮಾತ ಕೇಳಿದ್ರು: "ಆ ಕಂಪನಿ ಒಯ್ಯದಿದ್ರ ಹಣ್ಣ ಏನ ಮಾಡೂದು?" ಏಜಂಟನ ಕಡಿ ಉತ್ತರ ಇರಲಿಲ್ಲ. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು, ಪ್ಯಾಟ್ಯಾಗ ಯಾರೂ ಕೈ ಹಚ್ಚೂದಿಲ್ಲ, ಮಣೂಕಾನೂ ಛಲೋ ಆಗೂದಿಲ್ಲ. ಥಾಮ್ಸನ್ ಹಂಗಲ್ಲ. ಹಣ್ಣ ಹೋಗಲಿಲ್ಲ ಅಂದ್ರ ಒಣಗಸು, ಒಣಗಿಸಿದ್ದು ರೇಟ್ ಇಲ್ಲ ಅಂದ್ರ ಕೋಲ್ಡ್ ಸ್ಟೋರೇಜದಾಗ ಇಡು. ಮೂರ ಬಾಗಲಾ ಅದಕ್ಕ. 2008ರ ಮಂದಗತಿ ಬಂದಾಗ ಮಹಾರಾಷ್ಟ್ರದಾಗ ವೈನ್ ತುಂಬಿದ ಟಾಕಿ ಖಾಲಿ ಆಗಲಿಲ್ಲ, ಕಂಪನಿ ಹಣ್ಣ ಒಯ್ಯೂದು ಬಿಟ್ವು, ರೊಕ್ಕಾ ಕೊಡಲಿಲ್ಲ. ಎಷ್ಟೋ ರೈತರು ಹಚ್ಚಿದ ಬಳ್ಳಿ ಕಿತ್ತ ಒಗದ್ರು. ನಮ್ಮ ವೈನಿಯವರ ತೌರಮನಿ ಕಡಿ ಒಬ್ಬರದೂ ಹಂಗ ಆತು. ಆ ಮನಿ ಹೆಣಮಕ್ಕಳ ಬಂಗಾರ ಸಾಲಕ್ಕ ಹೋದದ್ದು ತಿರಗಿ ಬರಲಿಲ್ಲ.

ಇನ್ನೂ ಒಂದು ಮಾತ. ಬಿಳಿ ವೈನಿಗಿ ಹಣ್ಣ ಕೊಯ್ದ ಕೂಡಲೇ ಹಿಂಡಬೇಕು, ಟಾಕಿ ತಣ್ಣಗ ಇಡಾಕ ಕರೆಂಟ್ ಹಗಲ ರಾತ್ರಿ ಬೇಕು. ನಮ್ಮ ಹಳ್ಳಿ ಪಂಪಿಗೆ ಬರೋ ಕರೆಂಟ ನಿಮಗ ಗೊತ್ತ ಐತಲಾ. ಮಣೂಕಕ್ಕ ಬೇಕಾದ್ದು ಫೆಬ್ರವರಿ, ಮಾರ್ಚ್ ಒಣ ಗಾಳಿ. ಅದು ಪುಕಟ.

ಪುಕಟ ಗಾಳಿ ಇದ್ರೂ ಕೆಲಸ ಪುಕಟ ಅಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್ ಪೌಡರ್, ಡಿಪ್ಪಿಂಗ್ ಆಯಿಲ್ ನೀರಾಗ ಕಲಸಿ ಗೊಂಚಲಾ ಎದ್ದತಾರ. ಹಣ್ಣಿನ ಮ್ಯಾಲಿನ ಮೇಣದ ಪದರು ಬಿಟ್ಟು ನೀರ ಹೊರಗ ಹೋಗಾಕ ದಾರಿ ಆಗತೈತಿ. ಆಮ್ಯಾಲ ಶೆಡ್ಡಿನಾಗ ಜಾಳಗಿ ಮ್ಯಾಲ ಹರವತಾರ, ಬಿಸಲ ನೇರ ಬೀಳಬಾರದು, ಇಲ್ಲಾಂದ್ರ ಹಸರ ಬಣ್ಣ ಹೋಗಿ ಕಂದ ಆಗತಾವ. ಸುಮಾರು 15 ದಿನಕ್ಕ 4 ಕಿಲೋ ಹಣ್ಣ 1 ಕಿಲೋ ಮಣೂಕ ಆಗತೈತಿ. ಹರವೂದು, ತಿರವೂದು, ತೊಟ್ಟ ಬಿಡಸೂದು, ಬಣ್ಣ ನೋಡಿ ಆರಸೂದು ಬಹಳ ಮಟ್ಟಿಗಿ ಹೆಣಮಕ್ಕಳ ಕೈ ಕೆಲಸ. ವೈನಿ ಕೈಬಳಿ ತಗದ ಇಟ್ಟ ಕೂಡತಾರ, ಅಂಟ ಹತ್ತತೈತಿ ಅಂತ. ಮಾರ್ಚಿನಾಗ ಅಕಾಲ ಮಳಿ ಬಂತಂದ್ರ ಆ ವರ್ಷದ ಮದವಿ, ಮನಿ ರಿಪೇರಿ ಎಲ್ಲಾ ಮುಂದ ಹೋಗತಾವ.

ಒಣಗಿದ ಮಾಲು ಬಹಳಷ್ಟು ತಾಸಗಾಂವ, ಸಾಂಗ್ಲಿ ಸವಾಲಿಗೆ ಹೋಗತೈತಿ. 2016ರಾಗ ಸಾಂಗ್ಲಿ ಬೇದಾಣಾಕ್ಕ ಭೌಗೋಳಿಕ ಗುರುತು ಸಿಕ್ಕೈತಿ. ಅಥಣಿ ಪಡದ ಮಣೂಕ ಆ ಪ್ಯಾಟ್ಯಾಗ ಮಾರಿ ಹೋಗತಾವ, ಡಬ್ಬಿ ಮ್ಯಾಲ ನಮ್ಮೂರ ಹೆಸರ ಇರೂದಿಲ್ಲ. ವೈನ್ ಬಾಟಲಿ ಮ್ಯಾಲ ಹೆಂಗ ಕಣಿವಿ ಹೆಸರ ದೊಡ್ಡ ಅಕ್ಷರದಾಗ ಬರೀತಾರ, ಹಂಗ ಒಂದ ಸಣ್ಣ ಅಕ್ಷರದಾಗರ ಅಥಣಿ ಅಂತ ಬರೀರಿ ಅಂತ ವೈನಿ ಸವಾಲಿನ ಅಡತಿಯವರಿಗೆ ಹೋದ ಏಪ್ರಿಲ್‌ದಾಗ ಹೇಳಿ ಬಂದಾರ. ಅವರು ನಕ್ಕ ಚಹಾ ಕುಡಸಿ ಕಳಸ್ಯಾರ.